ಶಾಲೆ ಕಾಂಪೌಂಡಿನ ಮೇಲೆ ಈ ಸಲ ಜಿರಾಫೆ ಬೇಡ, ನಮ್ಮ ಬೇಲಿಯ ಕಾಡುಪಾಪ ಬರೆಸೋಣ ಅಂತಿದ್ದೇವೆ. ಸಲಹೆ ಕೊಡಿ

ಹುಣಸೆತೋಪು · ಸೋಮವಾರ, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ತುಮಕೂರು ಜಿಲ್ಲೆಯ ಸಣ್ಣ ಊರು ನಮ್ಮದು. (ಊರಿನ ಹೆಸರು ಮೊದಲು ಹಾಕಿದ್ದೆ, ಆಮೇಲೆ ತೆಗೆದೆ. ಯಾಕೆ ಅಂತ ಕೆಳಗೆ ಓದುತ್ತಾ ಹೋದರೆ ಗೊತ್ತಾಗುತ್ತೆ.)

ನಮ್ಮ ಪ್ರಾಥಮಿಕ ಶಾಲೆಗೆ ರಸ್ತೆ ಕಡೆ 60 ಅಡಿ ಉದ್ದ, 5 ಅಡಿ ಎತ್ತರದ ಕಾಂಪೌಂಡ್ ಇದೆ. ನಾನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯ, ಮಗಳು ನಾಲ್ಕನೇ ಕ್ಲಾಸು. ಆರು ವರ್ಷದ ಹಿಂದೆ ಪೇಟೆಯಿಂದ ಒಬ್ಬ ಪೇಂಟರ್ ಕರೆಸಿ ಗೋಡೆ ತುಂಬಾ ಚಿತ್ರ ಬರೆಸಿದ್ದೆವು. ಜಿರಾಫೆ, ಪೆಂಗ್ವಿನ್, ಜೂಲು ಬಿಟ್ಟ ಸಿಂಹ. ಪಕ್ಕದಲ್ಲಿ ‘ಕಾಡು ಉಳಿಸಿ’ ಅಂತ ದಪ್ಪ ಅಕ್ಷರ. ಯಾವ ಕಾಡು ಅಂತ ಆಗ ಯಾರೂ ಕೇಳಲಿಲ್ಲ. ಕೆಳಗೆ ‘ಮಂಗಟ್ಟೆ’ ಅಂತ ಬರೆದು ಮೇಲೆ ದಕ್ಷಿಣ ಅಮೆರಿಕದ ಟೂಕನ್ ಹಕ್ಕಿ ಬರೆದಿದ್ದ. ಅದು ನನಗೂ ಗೊತ್ತಾಗಿದ್ದು ಹೋದ ವರ್ಷ ದಾಂಡೇಲಿಗೆ ಹೋಗಿ ನಿಜವಾದ ಮಂಗಟ್ಟೆ ನೋಡಿದ ಮೇಲೆ.

ಈಗ ಆ ಬಣ್ಣ ಎಲ್ಲಾ ಎದ್ದು ಹೋಗಿದೆ. ಜಿರಾಫೆಗೆ ಕತ್ತು ಮಾತ್ರ ಉಳಿದಿದೆ. ಊರಲ್ಲಿ ಚಂದಾ ಎತ್ತಿ 18 ಸಾವಿರ ಆಗಿದೆ, ಮತ್ತೆ ಬರೆಸಬೇಕು.

ಹೋದ ತಿಂಗಳು ನಮ್ಮ ಹೊಲದ ಬದುವಿನಲ್ಲಿ ಒಂದು ಕಾಡುಪಾಪ (ರಾತ್ರಿ ಬೇಲಿಯಲ್ಲಿ ಓಡಾಡೋ ಪುಟ್ಟ ಪ್ರಾಣಿ, ಇಂಗ್ಲಿಷಿನಲ್ಲಿ ಸ್ಲೆಂಡರ್ ಲೋರಿಸ್) ಕರೆಂಟ್ ತಂತಿಗೆ ಸಿಕ್ಕಿ ಸತ್ತು ಬಿದ್ದಿತ್ತು. ಕೈಗೆ ಎತ್ತಿಕೊಂಡರೆ ಭಾರವೇ ಇಲ್ಲ. ದೊಡ್ಡ ಕಣ್ಣು ತೆರೆದೇ ಇತ್ತು. ಮಗಳು ‘ಅಪ್ಪಾ, ಇದು ಮಂಗನ ಮರಿನಾ?’ ಅಂದಳು. ಮಾರನೇ ದಿನ ಶಾಲೆಯಲ್ಲಿ ಕೇಳಿದೆ. ಅವಳ ಕ್ಲಾಸಿನ 23 ಮಕ್ಕಳಲ್ಲಿ ಒಬ್ಬರಿಗೂ ಅದರ ಹೆಸರು ಗೊತ್ತಿರಲಿಲ್ಲ. ಪೆಂಗ್ವಿನ್ ಮಾತ್ರ ಎಲ್ಲರಿಗೂ ಗೊತ್ತು.

ಹಾಗಾಗಿ ಈ ಸಲ ನಮ್ಮ ಸುತ್ತಮುತ್ತ ಇದ್ದು ಕಮ್ಮಿ ಆಗ್ತಿರೋ ಪ್ರಾಣಿ, ಗಿಡ ಮಾತ್ರ ಬರೆಸೋದು ಅಂತ ತೀರ್ಮಾನ. ಏನೇನು ಬರೆಸಬಹುದು? ಯಾರ ಕೈಲಿ ಬರೆಸಬೇಕು? ಬಣ್ಣ ಎಂಥದ್ದು? ಗೊತ್ತಿರೋರು ಹೇಳಿ.


ಮೆಜೆಸ್ಟಿಕ್‌ಮಂಜ · ಸೋಮವಾರ, ರಾತ್ರಿ 10.05

ಸೂಪರ್ ಐಡಿಯಾ ಅಣ್ಣ. ಪ್ರತಿ ಚಿತ್ರದ ಪಕ್ಕ ಒಂದು ಕ್ಯೂಆರ್ ಕೋಡ್ ಹಾಕಿ. ಸ್ಕ್ಯಾನ್ ಮಾಡಿದ್ರೆ ಮಾಹಿತಿ ಬರೋ ಹಾಗೆ.


ಕುಡ್ಲದವ · ಸೋಮವಾರ, ರಾತ್ರಿ 10.31

ಬೇಸರ ಮಾಡ್ಕೋಬೇಡಿ, ನಾನು ಸ್ವಲ್ಪ ಉಲ್ಟಾ ಮಾತಾಡ್ತೇನೆ. ನಮ್ಮಲ್ಲಿ ತಲೆತಲಾಂತರದಿಂದ ಪಿಲಿವೇಷ ಉಂಟು. ದಸರಾ ಬಂದರೆ ಮಂಗಳೂರಿನ ಗಲ್ಲಿಗಲ್ಲಿಯಲ್ಲಿ ಹುಲಿ. ಮೈಗೆ ಬಣ್ಣ ಬಳಿದು ತಾಸೆಯ ಪೆಟ್ಟಿಗೆ ಕುಣಿಯುವುದು ನೋಡಿದರೆ ರೋಮ ನಿಲ್ಲುತ್ತದೆ. ಹುಲಿಯನ್ನು ಪಿಲಿಚಾಮುಂಡಿ ಅಂತ ಕೈ ಮುಗಿಯುತ್ತೇವೆ, ಹಂದಿಯನ್ನು ಪಂಜುರ್ಲಿ ಅಂತ ನಂಬುತ್ತೇವೆ. ಇದಕ್ಕಿಂತ ದೊಡ್ಡ ಜನರ ಕಲೆ ಬೇಕಾ? ಆದರೆ ಊರ ಸುತ್ತ ಹುಲಿ ಎಲ್ಲಿ ಉಳಿಯಿತು ಹೇಳಿ. ವೇಷ ಉಳಿಯಿತು, ಹುಲಿ ಹೋಯಿತು.

ಚಿತ್ರ ಬರೆದರೆ ಪ್ರಾಣಿ ಉಳಿಯುತ್ತದೆ ಅನ್ನುವುದು ನನಗೆ ನಂಬಿಕೆ ಇಲ್ಲ. ಆ 18 ಸಾವಿರಕ್ಕೆ ಬೇಲಿ ಬದಿಗೆ ಗಿಡ ನೆಡಿ.


ಗೋಡೆಗುರು · ಮಂಗಳವಾರ, ಬೆಳಿಗ್ಗೆ 6.50

ನಾನು ಬೋರ್ಡ್ ಬರೆಯೋನು, 22 ವರ್ಷದಿಂದ ಇದೇ ಕೆಲಸ. ಕಲೆ ಬಗ್ಗೆ ದೊಡ್ಡ ಮಾತು ಗೊತ್ತಿಲ್ಲ. ಗೋಡೆ ಬಗ್ಗೆ ಹೇಳ್ತೀನಿ.

ನಿಮ್ಮ ಬಣ್ಣ ಆರು ವರ್ಷಕ್ಕೆ ಎದ್ದಿದೆ ಅಂದ್ರೆ ಅವನು ಹಳೇ ಸುಣ್ಣದ ಮೇಲೇನೇ ಹೊಡೆದಿದ್ದಾನೆ. ಮೊದಲು ತಂತಿ ಬ್ರಷ್ ಹಾಕಿ ಪೂರಾ ಕೆರೆಸಿ. ಕೆಳಗೆ ಒಂದಡಿ ಚೌಳು ಹಿಡಿದಿರುತ್ತೆ, ಅಲ್ಲಿ ಏನೇ ಬರೆದರೂ ನಿಲ್ಲೋಲ್ಲ. ಆ ಒಂದಡಿ ಖಾಲಿ ಬಿಡಿ, ಇಲ್ಲಾ ಕೆಮ್ಮಣ್ಣಿನ ಪಟ್ಟಿ ಹೊಡೆಸಿ. ಕೆರೆದ ಮೇಲೆ ತೊಳೆದು ಚೆನ್ನಾಗಿ ಒಣಗಲಿ. ಆಮೇಲೆ ಪ್ರೈಮರ್ ಎರಡು ಕೋಟು. ಅದರ ಮೇಲೆ ಹೊರಗೋಡೆ ಎಮಲ್ಷನ್. ಇನಾಮಲ್ ಬೇಡ. ಹೊಳಪು ನೋಡಿ ಮೋಸ ಹೋಗ್ತಾರೆ, ಬಿಸಿಲಿಗೆ ಸಿಪ್ಪೆ ಸಿಪ್ಪೆ ಆಗಿ ಏಳುತ್ತೆ.

ಕೆಂಪು ಬಣ್ಣದಲ್ಲಿ ಜಾಸ್ತಿ ಏನೂ ಬರೆಸಬೇಡಿ, ಬಿಸಿಲಿಗೆ ಬೇಗ ಮಂಕಾಗುತ್ತೆ. ಕೆಮ್ಮಣ್ಣಿನ ಬಣ್ಣ ಇದೆಯಲ್ಲ, ರೆಡ್ ಆಕ್ಸೈಡ್, ಅದು ಮಾತ್ರ ಬಾಳುತ್ತೆ. ಮತ್ತೆ ಇನ್ನೊಂದು. ಚಿತ್ರ ಮಕ್ಕಳ ಕಣ್ಣಿನ ಮಟ್ಟದಲ್ಲಿ ಬರಲಿ. ನಾವು ದೊಡ್ಡೋರು ನಿಂತು ಬರೀತೀವಿ, ಅದು ನಮ್ಮ ಮಟ್ಟಕ್ಕೆ ಬಂದುಬಿಡುತ್ತೆ.

ಮಂಜಣ್ಣ, ಕ್ಯೂಆರ್ ಕೋಡ್ ಗೋಡೆ ಮೇಲೆ ಬ್ರಷ್‌ನಲ್ಲಿ ಬರೆಯೋಕೆ ನನ್ನ ಕೈಲಿ ಆಗೋಲ್ಲಪ್ಪ. 😄


ಚಿತ್ತಾರದಮನೆ · ಮಂಗಳವಾರ, ಮಧ್ಯಾಹ್ನ 1.15

ಸಾಗರದ ಕಡೆಯವಳು ನಾನು, ದೀವರ ಮನೆ. ನಮ್ಮಲ್ಲಿ ಮದುವೆಗೆ ಗೋಡೆ ಮೇಲೆ ಹಸೆ ಚಿತ್ತಾರ ಬರೀತಾರೆ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ನೆನೆಸಿ ಅರೆದ ಬಿಳಿ, ಅಕ್ಕಿ ಕಪ್ಪಗೆ ಹುರಿದು ಮಾಡಿದ ಕಪ್ಪು, ಗುರಿಗೆ ಕಾಯಿಯಿಂದ ಹಳದಿ. ಪುಂಡಿ ನಾರಿನ ಕುಂಚ. ಅಷ್ಟೇ. ಪೇಟೆಯಿಂದ ಏನೂ ತರುವಂತಿಲ್ಲ.

ಕುಡ್ಲದ ಅಣ್ಣ ಹೇಳಿದ ಮಾತು ಓದಿ ಒಂದು ನೆನಪಾಯಿತು. ಭೂಮಿ ಹುಣ್ಣಿಮೆಗೆ ನಾವು ಭೂಮಣ್ಣಿ ಬುಟ್ಟಿ ಅಂತ ಮಾಡುತ್ತೇವೆ. ಬುಟ್ಟಿಗೆ ಸಗಣಿ ಕೆಮ್ಮಣ್ಣು ಮೆತ್ತಿ ಚಿತ್ತಾರ ಬರೆದು ಅದರಲ್ಲಿ ಗದ್ದೆಗೆ ಎಡೆ ಒಯ್ಯುತ್ತೇವೆ. ಆ ದಿನಕ್ಕೆ ಹಚ್ಚಂಬಲಿ ಅಂತ ಸೊಪ್ಪುಗಳನ್ನು ಬೇಯಿಸುತ್ತಾರೆ. ಗುಡ್ಡದ ನೂರೊಂದು ಕುಡಿ ಸೇರಬೇಕು ಅಂತ ಲೆಕ್ಕ. ಬುಟ್ಟಿ ಚಿತ್ತಾರ ನನಗೆ ಬರುತ್ತೆ, ಅಮ್ಮನಿಗಿಂತ ಚೆಂದ ಬರೀತೀನಿ ಅಂತ ಎಲ್ಲರೂ ಹೇಳ್ತಾರೆ. ಆದರೆ ಹೋದ ವರ್ಷ ಅಮ್ಮನ ಜೊತೆ ಸೊಪ್ಪು ಕೊಯ್ಯಲು ಹೋದಾಗ ಸಿಕ್ಕಿದ್ದು 38 ಬಗೆ. ಅದರಲ್ಲಿ ನಾನು ಗುರುತಿಸಿದ್ದು 9. ಉಳಿದಿದ್ದೆಲ್ಲ ಅಮ್ಮನೇ ತೋರಿಸಿದ್ದು. ಕೆಲವು ಕಡೆ ನಿಂತು ‘ಇಲ್ಲೇ ಇತ್ತು’ ಅಂತ ಹೇಳಿ ಸುಮ್ಮನಾದರು.

ಹಾಗಾಗಿ ಅಣ್ಣ ಹೇಳಿದ್ದು ಸುಳ್ಳಲ್ಲ. ಚಿತ್ತಾರ ಉಳಿದು ಗಿಡ ಹೋಗಬಹುದು. ಆದರೆ ಬುಟ್ಟಿ ಇಲ್ಲದೇ ಇದ್ದಿದ್ದರೆ ನಾನು ಅಮ್ಮನ ಜೊತೆ ಗುಡ್ಡ ಹತ್ತುತ್ತಲೇ ಇರಲಿಲ್ಲ.

ತೋಪಿನ ಅಣ್ಣ, ಗೋಡೆಯಲ್ಲಿ ಗಿಡಗಳಿಗೂ ಜಾಗ ಇಡಿ. ಇಂಥ ಗೋಡೆಗಳಲ್ಲಿ ಗಿಡ ಯಾವಾಗಲೂ ಪ್ರಾಣಿಯ ಹಿಂದಿನ ಹಸಿರು ಪರದೆ ಆಗಿಬಿಡುತ್ತೆ.


ಹುಣಸೆತೋಪು · ಮಂಗಳವಾರ, ರಾತ್ರಿ 8.20

ಅಕ್ಕ, ಇದು ನನಗೆ ಹೊಳೆದೇ ಇರಲಿಲ್ಲ. ನಮ್ಮ ಗುಡ್ಡದಲ್ಲಿ ಮಾಕಳಿ ಬೇರು ಸಿಗುತ್ತಿತ್ತು. ಅಜ್ಜಿ ಉಪ್ಪಿನಕಾಯಿ ಹಾಕುತ್ತಿದ್ದರು. ಜಾಡಿ ಮುಚ್ಚಳ ತೆಗೆದರೆ ಮನೆಯೆಲ್ಲಾ ಒಂಥರಾ ಘಮ. ಬೇರು ಬೇಕು ಅಂದ್ರೆ ಬಳ್ಳಿಯನ್ನೇ ಅಗೆಯಬೇಕಲ್ಲ. ಅಗೆದು ಅಗೆದು ಈಗ ಗುಡ್ಡದಲ್ಲಿ ಹುಡುಕಿದರೂ ಸಿಗೋಲ್ಲ. ಅದನ್ನ ಬರೆಸ್ತೀವಿ, ಬೇರು ಸಮೇತ.

ಗೋಡೆಗುರು ಸಾರ್, ಚೌಳಿನ ಮಾತು ನೂರಕ್ಕೆ ನೂರು ಸರಿ. ಇವತ್ತೇ ಹೋಗಿ ಕೆರೆದು ನೋಡಿದೆ.


ಗುವಾಹಟಿಗೌಡ · ಮಂಗಳವಾರ, ರಾತ್ರಿ 11.02

ಕೆಲಸದ ಮೇಲೆ ಅಸ್ಸಾಮಿನಲ್ಲಿದ್ದೇನೆ, ನಾಲ್ಕು ವರ್ಷ ಆಯಿತು. ಕುಡ್ಲದ ಸಾರ್ ಕೇಳಿದ ಪ್ರಶ್ನೆಗೆ ಇಲ್ಲಿ ಒಂದು ಉತ್ತರ ಇದೆ. ಉದ್ದ ಆಗುತ್ತೆ, ಕ್ಷಮಿಸಿ.

ಇಲ್ಲಿ ಹರ್ಗಿಲಾ ಅಂತ ಒಂದು ದೊಡ್ಡ ಕೊಕ್ಕರೆ ಇದೆ. ನಿಂತರೆ ಸುಮಾರು 5 ಅಡಿ. ಹರ್ ಅಂದರೆ ಮೂಳೆ, ಗಿಲಾ ಅಂದರೆ ನುಂಗೋದು. ಬೋಳು ತಲೆ, ಕತ್ತಿನಲ್ಲಿ ಜೋತಾಡೋ ಚೀಲ. ಕಸದ ಗುಡ್ಡೆಯ ಮೇಲೆ ನಿಂತಿರುತ್ತೆ. ನಿಜ ಹೇಳಬೇಕು ಅಂದ್ರೆ ನೋಡೋಕೆ ಚೆಂದ ಇಲ್ಲ. ಮನೆ ಹಿತ್ತಲಿನ ದೊಡ್ಡ ಮರದಲ್ಲಿ ಗೂಡು ಕಟ್ಟಿದರೆ ಕೆಳಗೆ ಕೊಳೆತ ಮಾಂಸ, ಹಿಕ್ಕೆ, ನಾತ. ಅಪಶಕುನ ಅಂತ ಜನ ಮರವನ್ನೇ ಕಡಿಯುತ್ತಿದ್ದರು.

ಪೂರ್ಣಿಮಾ ದೇವಿ ಬರ್ಮನ್ ಅಂತ ಒಬ್ಬರು ವಿಜ್ಞಾನಿ ಈ ಹಕ್ಕಿ ಮೇಲೆ ಪಿಎಚ್‌ಡಿ ಮಾಡ್ತಿದ್ದರು. 2007ರಲ್ಲಿ ಗೂಡಿದ್ದ ಮರ ಕಡಿದು ಮರಿಗಳು ನೆಲಕ್ಕೆ ಬಿದ್ದಿದ್ದನ್ನು ಕಣ್ಣಾರೆ ನೋಡಿದರು. ಜನರಿಗೆ ಬುದ್ಧಿ ಹೇಳೋಕೆ ಹೋಗಿ ಬೈಸಿಕೊಂಡರು. ಆಮೇಲೆ ಅವರು ಹಿಡಿದ ದಾರಿ ಬೇರೆ. ಕಾಮರೂಪ ಜಿಲ್ಲೆಯ ದಾದರಾ, ಪಚಾರಿಯಾ ಅನ್ನೋ ಊರುಗಳ ಹೆಂಗಸರನ್ನು ಸೇರಿಸಿದರು. ಇಲ್ಲಿ ಮನೆಮನೆಯಲ್ಲೂ ಮಗ್ಗ ಇದೆ, ಗೊತ್ತಲ್ಲ. ಹೆಂಗಸರು ಗಮೋಸಾದ ಅಂಚಿಗೆ, ಮೇಖಲಾ ಚಾದರಕ್ಕೆ (ಇಲ್ಲಿನ ಹೆಂಗಸರು ಉಡೋ ಬಟ್ಟೆ) ಹರ್ಗಿಲಾ ಚಿತ್ರ ನೇಯ್ದರು. ಹಾಡು ಕಟ್ಟಿದರು. ಹಕ್ಕಿ ಮೊಟ್ಟೆ ಇಡೋ ಕಾಲಕ್ಕೆ ಸೀಮಂತ ಮಾಡಿದರು. ಹೌದು, ಹಕ್ಕಿಗೆ ಸೀಮಂತ.

ಗಮೋಸಾ ಅಂದ್ರೆ ಇಲ್ಲಿ ಸುಮ್ನೆ ಟವೆಲ್ ಅಲ್ಲ. ದೇವರಿಗೆ, ಅತಿಥಿಗೆ, ಹಿರಿಯರಿಗೆ ಕೊಡೋ ಮರ್ಯಾದೆ. ಅಪಶಕುನದ ಹಕ್ಕಿ ಅದರ ಅಂಚಿನ ಮೇಲೆ ಬಂದು ಕೂತ ಮೇಲೆ ಅದನ್ನ ಓಡಿಸೋದು ಹೇಗೆ? ನೇಯ್ದಿದ್ದು ಮಾರಾಟ ಆಗುತ್ತೆ, ಕೈಗೆ ಕಾಸೂ ಬರುತ್ತೆ. ಈ ಗುಂಪಿಗೆ ಹರ್ಗಿಲಾ ಸೇನೆ ಅಂತ ಹೆಸರು, ಈಗ ಅದರಲ್ಲಿ 10 ಸಾವಿರಕ್ಕೂ ಹೆಚ್ಚು ಹೆಂಗಸರಿದ್ದಾರೆ. ಆ ಸುತ್ತಿನ ಊರುಗಳಲ್ಲಿ 28 ಇದ್ದ ಗೂಡು 250 ದಾಟಿದೆ. 2022ರಲ್ಲಿ ವಿಶ್ವಸಂಸ್ಥೆಯ ಪರಿಸರ ಪ್ರಶಸ್ತಿ ಬಂತು. 2023ರಲ್ಲಿ ಐಯುಸಿಎನ್ (ಅಳಿವಿನಂಚಿನ ಜೀವಿಗಳ ಪಟ್ಟಿ ಮಾಡೋ ಅಂತರರಾಷ್ಟ್ರೀಯ ಸಂಸ್ಥೆ) ಈ ಹಕ್ಕಿಯನ್ನು ಅಪಾಯದ ಪಟ್ಟಿಯಲ್ಲಿ ಒಂದೆರಡು ಮೆಟ್ಟಿಲು ಕೆಳಗಿಳಿಸಿತು.

ನೇಯ್ಗೆಯೊಂದರಿಂದಲೇ ಆಯ್ತು ಅಂತ ನಾನು ಹೇಳ್ತಿಲ್ಲ. ಮರದ ಕೆಳಗೆ ಬಲೆ ಕಟ್ಟಿ ಬಿದ್ದ ಮರಿ ಹಿಡಿದರು, ಮರದ ಮಾಲೀಕರಿಗೆ ಸಭೆಯಲ್ಲಿ ಸನ್ಮಾನ ಮಾಡಿದರು, ಹತ್ತಾರು ಕೆಲಸ ಇದೆ. ಆದರೆ ಬಾಗಿಲು ತೆಗೆದಿದ್ದು ಮಗ್ಗ.


ಮದ್ದೂರುವಡೆ · ಬುಧವಾರ, ಬೆಳಿಗ್ಗೆ 7.30

ಗೌಡ್ರೇ, ಸೀಮಂತ ಓದಿ ನಗು ಬಂತು, ಯಾಕಂದ್ರೆ ನಮ್ಮ ಕೊಕ್ಕರೆ ಬೆಳ್ಳೂರಲ್ಲೂ ಇದೇ ಮಾತು. ಅಲ್ಲಿ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆ ಊರೊಳಗಿನ ಹುಣಸೆ ಮರದ ಮೇಲೆ ಗೂಡು ಕಟ್ಟುತ್ತವೆ. ತವರಿಗೆ ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳು ಅಂತಾರೆ ಹಳಬರು. ಹಿಕ್ಕೆ ಬಿದ್ದ ಮಣ್ಣು ಹೊಲಕ್ಕೆ ಗೊಬ್ಬರ. 2007ರಲ್ಲಿ ಸರ್ಕಾರ ಅದನ್ನ ಸಮುದಾಯ ಮೀಸಲು ಅಂತ ಮಾಡ್ತು. ಅದಕ್ಕೂ ಎಷ್ಟೋ ಮುಂಚಿಂದ ಊರೋರು ನೋಡ್ಕೊಂಡು ಬಂದಿದ್ದರು. ಯಾರೂ ಗೋಡೆ ಬರೆದಿರಲಿಲ್ಲ. ಒಂದು ಮಾತು ಸಾಕಾಗಿತ್ತು.


ರಾತ್ರಿಗಸ್ತು · ಬುಧವಾರ, ಬೆಳಿಗ್ಗೆ 10.10

ಹುಣಸೆತೋಪು ಅವರೇ, ದಯವಿಟ್ಟು ಮೊದಲು ಒಂದು ಕೆಲಸ ಮಾಡಿ. ಪೋಸ್ಟಿನಿಂದ ಊರ ಹೆಸರು ತೆಗೆಯಿರಿ.

ನಾನು ಕೆಲವು ವರ್ಷ ಕಾಡುಪಾಪಗಳ ಸಮೀಕ್ಷೆಗೆ ಸ್ವಯಂಸೇವಕನಾಗಿ ಓಡಾಡಿದವನು. ಇದನ್ನ ಮಾಟ ಮಾಡೋರಿಗೆ ಹಿಡಿದು ಮಾರುತ್ತಾರೆ. ಸಾಕೋಕೆ ಅಂತ ಹಿಡಿಯೋರೂ ಇದ್ದಾರೆ. ವನ್ಯಜೀವಿ ಕಾಯ್ದೆಯ ಒಂದನೇ ಷೆಡ್ಯೂಲಿನಲ್ಲಿದೆ, ಹುಲಿಗೆ ಇರೋ ರಕ್ಷಣೆನೇ ಇದಕ್ಕೂ ಇದೆ. ಆದರೆ ಕತ್ತಲಲ್ಲಿ ಬೇಲಿ ಪಕ್ಕ ಯಾರು ಕಾಯ್ತಾರೆ? ಇನ್ನು ಕ್ಯಾಮೆರಾದೋರು. ಕೆಟ್ಟವರಲ್ಲ, ಆದರೆ ಒಂದು ಗಂಟೆ ಮುಖಕ್ಕೆ ಟಾರ್ಚ್ ಬಿಟ್ಟು ನಿಂತರೆ ಅದು ಆ ರಾತ್ರಿ ಹುಳ ಹಿಡಿಯೋದು ಹೇಗೆ? ನೋಡಲೇಬೇಕು ಅಂದ್ರೆ ಟಾರ್ಚಿಗೆ ಕೆಂಪು ಹಾಳೆ ಸುತ್ತಿ ಒಂದೆರಡು ನಿಮಿಷ ನೋಡಿ ಬಂದುಬಿಡಿ.

ಚಿತ್ರ ಬರೆಸಿ, ಬೇಡ ಅನ್ನೋಲ್ಲ. ‘ನಮ್ಮೂರಿನಲ್ಲಿ ಕಾಡುಪಾಪ ಇದೆ’ ಅಂತ ಮಾತ್ರ ರಸ್ತೆಗೆ ಕಾಣೋ ಹಾಗೆ ಬರೆಸಬೇಡಿ. ಕ್ಯೂಆರ್ ಕೋಡಂತೂ ಬೇಡವೇ ಬೇಡ.

ಆಮೇಲೆ ಚಿತ್ರದಲ್ಲಿ ಅದನ್ನ ಒಂಟಿ ಕೊಂಬೆ ಮೇಲೆ ಕೂರಿಸಬೇಡಿ. ಎಲ್ಲರೂ ಮಾಡೋ ತಪ್ಪು ಅದು. ಮಂಗನ ಹಾಗೆ ಅದಕ್ಕೆ ಹಾರೋಕೆ ಬರೋಲ್ಲ. ಒಂದು ಕೊಂಬೆ ಹಿಡಿದುಕೊಂಡೇ ಇನ್ನೊಂದಕ್ಕೆ ಕೈ ಚಾಚಬೇಕು. ಬೇಲಿ ನಡುವೆ ತುಂಡಾದರೆ ನೆಲಕ್ಕೆ ಇಳೀತದೆ, ಇಲ್ಲಾ ತಂತಿ ಹಿಡೀತದೆ. ನಿಮ್ಮ ಬದುವಿನಲ್ಲಿ ಸತ್ತಿದ್ದೂ ಹಾಗೇ ಇರಬೇಕು. ಆದ್ದರಿಂದ 60 ಅಡಿ ಉದ್ದಕ್ಕೂ ಒಂದೇ ಬೇಲಿ ಬರೆಸಿ. ಎಲ್ಲೂ ಕಡಿಯದ ಬೇಲಿ. ಅದರೊಳಗೆ ಬೇರೆಯವೆಲ್ಲ ಇರಲಿ.


ಹುಣಸೆತೋಪು · ಬುಧವಾರ, ಬೆಳಿಗ್ಗೆ 10.42

ಹೆಸರು ತೆಗೆದೆ ಸಾರ್. ಯೋಚನೆನೇ ಮಾಡಿರಲಿಲ್ಲ. ಒಂದೇ ಬೇಲಿ ಅನ್ನೋದು ಬಹಳ ಹಿಡಿಸಿತು.


ಮೆಜೆಸ್ಟಿಕ್‌ಮಂಜ · ಬುಧವಾರ, ಬೆಳಿಗ್ಗೆ 11.00

ಕ್ಯೂಆರ್ ಕೋಡ್ ವಾಪಸ್ ತಗೊಂಡೆ. 🙏


ಎರೆಹೊಲ · ಬುಧವಾರ, ಸಂಜೆ 6.15

ಸಿರುಗುಪ್ಪದ ಕಡೆಯಿಂದ ನಮಸ್ಕಾರ ರೀ. ನಮ್ಮ ಎರೆ ಸೀಮೆಯ ದೊಡ್ಡ ಹಕ್ಕಿ ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್). ಗಂಡು ಹಕ್ಕಿ 15 ಕೆಜಿ ತನಕ ತೂಗುತ್ತೆ. ಅಷ್ಟು ಭಾರದ ಮೈ ಹೊತ್ತುಕೊಂಡು ಹಾರುತ್ತೆ ಅಂದರೆ ನಂಬೋದು ಕಷ್ಟ. ನೆಲದ ಮೇಲೆ ಒಂದೇ ಒಂದು ಮೊಟ್ಟೆ ಇಡುತ್ತೆ. ಈಗ ಇಡೀ ಪ್ರಪಂಚದಲ್ಲಿ 150ಕ್ಕಿಂತ ಕಮ್ಮಿ, ಅದರಲ್ಲಿ ಬಹುಪಾಲು ರಾಜಸ್ಥಾನದಲ್ಲಿ. ನಮ್ಮಲ್ಲಿ ಬೆರಳೆಣಿಕೆ. ಪಕ್ಷಿತಜ್ಞ ಸಲೀಂ ಅಲಿ ಇದನ್ನೇ ರಾಷ್ಟ್ರಪಕ್ಷಿ ಮಾಡಿ ಅಂದಿದ್ದರಂತೆ. ನವಿಲು ಗೆದ್ದಿತು.

ನನ್ನ ಸಲಹೆ ಒಂದೇ. ಏನೇ ಬರೆಸಿ, ಅದರ ನಿಜವಾದ ಅಳತೆಗೆ ಬರೆಸಿ. ನಮ್ಮ ಮೇಷ್ಟ್ರೊಬ್ಬರು ಕರಿಹಲಗೆ ಮೇಲೆ ಎರ್ಲಡ್ಡು ಬರೆದಿದ್ದರು, ಒಂದು ಮೀಟರ್ ಎತ್ತರ. ಒಂದನೇ ಕ್ಲಾಸಿನ ಹುಡುಗನ್ನ ಪಕ್ಕದಲ್ಲಿ ನಿಲ್ಲಿಸಿದರೆ ಇಬ್ಬರೂ ಒಂದೇ ಎತ್ತರ! ಆ ಹುಡುಗ ನಾನೇ. 31 ವರ್ಷ ಆಯ್ತು, ಮರೆತಿಲ್ಲ. ಪುಸ್ತಕದಲ್ಲಿ ಆನೆನೂ ಅಂಗುಲ, ಇಲಿನೂ ಅಂಗುಲ. ಗೋಡೆಗೆ ಆ ತೊಂದರೆ ಇಲ್ಲ.


ಹಡ್ಸನ್‌ಹೊಳೆ · ಗುರುವಾರ, ನಸುಕು 4.50

ಅಳತೆ ಮಾತು ಬಂತಲ್ಲ, ಅದಕ್ಕೆ ಬರೀತಿದ್ದೀನಿ. ನ್ಯೂಯಾರ್ಕ್‌ನಲ್ಲಿರೋದು. 2024ರ ಸೆಪ್ಟೆಂಬರ್‌ನಲ್ಲಿ ಮ್ಯಾನ್‌ಹ್ಯಾಟನ್‌ನ ಮೀಟ್‌ಪ್ಯಾಕಿಂಗ್ ಬೀದಿಗಳಲ್ಲಿ ಆನೆ ಹಿಂಡು ನಿಂತಿತ್ತು. ಲಂಟಾನ ಕಡ್ಡಿಯಲ್ಲಿ ಮಾಡಿದ, ನಿಜವಾದ ಆನೆಯಷ್ಟೇ ದೊಡ್ಡ ಆನೆಗಳು, ಮರಿಗಳು. ಒಟ್ಟು 100. ಮಾಡಿದ್ದು ನೀಲಗಿರಿ ಸುತ್ತಮುತ್ತಲಿನ ಬೆಟ್ಟ ಕುರುಬರು, ಪಣಿಯರು, ಕಾಟುನಾಯಕರು, ಸೋಲಿಗರು. ಲಂಟಾನ ಕಡ್ಡಿಯನ್ನ ನೀರಲ್ಲಿ ಬೇಯಿಸಿ, ಸಿಪ್ಪೆ ಸುಲಿದು, ಕಬ್ಬಿಣದ ಚೌಕಟ್ಟಿನ ಮೇಲೆ ಬಾಗಿಸಿ ಕೂರಿಸ್ತಾರಂತೆ. ಒಂದೊಂದೂ ಅವರು ದಿನಾ ನೋಡೋ ಒಂದೊಂದು ಆನೆಯ ರೂಪ.

ಒಂದು ಮರಿಯಾನೆ ಪಕ್ಕ ನಿಂತು ಅಮ್ಮನಿಗೆ ವಿಡಿಯೊ ಕಾಲ್ ಮಾಡಿದೆ. ಗುಂಡ್ಲುಪೇಟೆ ಹತ್ತಿರ ನಮ್ಮೂರು. ಅಮ್ಮ ಆನೆ ನೋಡಲೇ ಇಲ್ಲ. ‘ಅದು ನಮ್ಮ ಬೇಲಿ ಕಳೆ ಕಡ್ಡಿ ಅಲ್ವೇನೋ?’ ಅಂದರು.

ಅದೇ ವಿಶೇಷ. ಬ್ರಿಟಿಷರು ಸುಮಾರು 200 ವರ್ಷದ ಹಿಂದೆ ಅಂದಕ್ಕೆ ತಂದ ಗಿಡ ಬಂಡೀಪುರ, ಬಿಳಿಗಿರಿ ಎಲ್ಲಾ ಕಡೆ ಹಬ್ಬಿ, ಆನೆ ತಿನ್ನೋ ಹುಲ್ಲೇ ಬೆಳೆಯದ ಹಾಗೆ ಮಾಡಿದೆ. ಆನೆಯ ಅನ್ನ ಕಿತ್ತುಕೊಂಡ ಗಿಡದಿಂದಲೇ ಆನೆ. ಕಡಿದಷ್ಟೂ ಕಾಡಿಗೆ ಒಳ್ಳೆಯದು, ಮಾಡಿದೋರಿಗೆ ಕೂಲಿ. ಇವು ಅದೇ ವರ್ಷ ಫೆಬ್ರವರಿಯಲ್ಲಿ ಲಾಲ್‌ಬಾಗ್‌ಗೂ ಬಂದಿದ್ದವು, ನೋಡಿದೋರು ಇಲ್ಲಿ ಇರಬೇಕು.


ಕುಡ್ಲದವ · ಗುರುವಾರ, ಬೆಳಿಗ್ಗೆ 8.05

ಲಾಲ್‌ಬಾಗ್‌ನಲ್ಲಿ ನಾನೇ ನೋಡಿದ್ದೇನೆ ಮಾರಾಯ್ರೇ. ಚಂದ ಇತ್ತು, ಒಪ್ಪಿದೆ. ಆದರೆ ಅಲ್ಲಿ ಬಂದವರು ಏನು ಮಾಡುತ್ತಿದ್ದರು? ಸೆಲ್ಫಿ. ಮರುದಿನ ಊರಿನ ತೋಟಕ್ಕೆ ಆನೆ ಬಂದರೆ ಅದೇ ಜನ ಪಟಾಕಿ ಹಿಡಿಯುತ್ತಾರೆ.

ಅಸ್ಸಾಮಿನ ಕತೆಗೆ ಮಾತ್ರ ನಾನು ಸೋತೆ. ಯಾಕೆಂದರೆ ಅಲ್ಲಿ ನೇಯ್ದವರೂ ಅವರೇ, ಮರದ ಯಜಮಾನಿಯರೂ ಅವರೇ. ನೋಡುವವನು ಒಬ್ಬ, ಮಾಡುವವನು ಇನ್ನೊಬ್ಬ ಅಂತ ಇಲ್ಲ. ನಮ್ಮ ಪಿಲಿವೇಷದಲ್ಲಿ ಹುಲಿ ಕಾಡಿನದ್ದು, ವೇಷ ಪೇಟೆಯದ್ದು. ಅಲ್ಲಿಯೇ ಕೊಂಡಿ ತಪ್ಪಿದ್ದು ಅಂತ ಕಾಣುತ್ತದೆ. ಹಾಗಾಗಿ ತೋಪಿನವರೇ, ಪೇಟೆಯ ಆರ್ಟಿಸ್ಟ್ ಬೇಡ. ಯಾರ ಬೇಲಿಯಲ್ಲಿ ಅದು ಇದೆಯೋ ಅವರೇ ಬರೆಯಲಿ. ವಕ್ರ ಬಂದರೆ ಬರಲಿ.


ಹುಣಸೆತೋಪು · ಆರು ವಾರದ ನಂತರ, ಭಾನುವಾರ, ರಾತ್ರಿ 9.15

ಗೋಡೆ ಮುಗಿಯಿತು. ತಡ ಆಯ್ತು, ನಡುವೆ ಮಳೆ.

ಕೆರೆಯೋದು, ಪ್ರೈಮರ್ ಎಲ್ಲಾ ಗೋಡೆಗುರು ಹೇಳಿದ ಹಾಗೇ ಮಾಡಿದೆವು. ಕೆಳಗೆ ಒಂದಡಿ ಕೆಮ್ಮಣ್ಣಿನ ಪಟ್ಟಿ. ನಮ್ಮೂರಿನವನೇ ಒಬ್ಬ ಹುಡುಗ ಟ್ರ್ಯಾಕ್ಟರ್ ಹಿಂದೆ ಹೆಸರು ಬರೆಯೋನು ಸಿಕ್ಕ. ಗೆರೆ ಅವನದ್ದು, ಬಣ್ಣ ತುಂಬಿದ್ದು ಮಕ್ಕಳು. 60 ಅಡಿಗೂ ಒಂದೇ ಬೇಲಿ. ಕಳ್ಳಿ, ಕತ್ತಾಳೆ, ಲಕ್ಕಿ, ಬಂದ್ರೆ. ಬೇಲಿ ಬುಡದಲ್ಲಿ ನಕ್ಷತ್ರ ಆಮೆ, ಚಿಪ್ಪುಹಂದಿ. ಒಂದು ಕಡೆ ಮಾಕಳಿ ಬಳ್ಳಿ, ಬೇರು ಕೆಮ್ಮಣ್ಣಿನ ಪಟ್ಟಿಯೊಳಗೆ ಇಳಿದ ಹಾಗೆ. ಎಲ್ಲಾ ನಿಜವಾದ ಅಳತೆಗೆ. ಇದರಿಂದ ಒಂದು ಮಜಾ ಆಯಿತು. ಕಾಡುಪಾಪ ಎಷ್ಟು ಸಣ್ಣದು ಅಂದ್ರೆ ಗೋಡೆಯಲ್ಲಿ ಹುಡುಕಬೇಕು. ಐದು ಬರೆದಿದ್ದೇವೆ. ರಸ್ತೆಯಲ್ಲಿ ಹೋಗೋರು ನಿಂತು ಎಣಿಸ್ತಾರೆ. ಮೂರು ಸಿಗುತ್ತೆ, ನಾಲ್ಕು ಸಿಗುತ್ತೆ. ಐದನೇದು ಎಲ್ಲಿದೆ ಅಂತ ಮಕ್ಕಳು ಹೇಳೋಲ್ಲ.

ಈಗ ಬಾಲದ ಕತೆ. ಹುಡುಗ ಮೊದಲನೇ ಕಾಡುಪಾಪ ಬರೆದು ಮುಗಿಸಿ ಬೀಡಿ ಹಚ್ಚಿದ್ದ. ಕಾಲೋನಿಯ ಅಜ್ಜಿ ಒಬ್ಬರು, ಎಂಬತ್ತರ ಹತ್ತಿರ, ಮೇಕೆ ಹೊಡ್ಕೊಂಡು ಬರ್ತಿದ್ದರು. ನಿಂತು ನೋಡಿದರು. ‘ಇದುಕ್ ಯಾಕ್ಲಾ ಬಾಲ ಬಿಟ್ಟೆ? ಅದುಕ್ ಬಾಲ ಇಲ್ಲ ಕಣ್ಲಾ’ ಅಂದರು. ನಾವು ಯಾರೂ ಗಮನಿಸೇ ಇರಲಿಲ್ಲ. ಸತ್ತಿದ್ದನ್ನ ಕೈಯಲ್ಲಿ ಹಿಡಿದ ನಾನೂ! ಹುಡುಗ ಮುಖ ಸಣ್ಣಗೆ ಮಾಡಿಕೊಂಡ. ಆಮೇಲೆ ಹಸಿರು ತಗೊಂಡು ಆ ಬಾಲಕ್ಕೆ ಎಲೆ ಬರೆದು ತೊಂಡೆ ಬಳ್ಳಿ ಮಾಡಿಬಿಟ್ಟ. ಈಗ ಗೋಡೆಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬಂದಿರೋದು ಆ ಬಳ್ಳಿ.

ಅಜ್ಜಿ ಅವತ್ತು ಮೇಕೆ ಮರೆತು ಅಲ್ಲೇ ಕೂತರು. ಒಂದು ಕೈ ಎತ್ತಿ, ಬೆರಳು ಅಗಲ ಮಾಡಿ, ನಿಧಾನಕ್ಕೆ ಮುಂದೆ ಚಾಚಿ ಗಾಳಿಯಲ್ಲಿ ಕೊಂಬೆ ಹಿಡಿದರು. ಹಿಡಿದ ಮೇಲೆ ಇನ್ನೊಂದು ಕೈ ಬಿಟ್ಟರು. ‘ಹಿಂಗೆ ಹೋಯ್ತದೆ’. ಮಕ್ಕಳೆಲ್ಲಾ ಸಾಲಾಗಿ ನಿಂತು ಅದನ್ನೇ ಮಾಡಿದರು. ಬೆಳಗಿನ ಹೊತ್ತು ಅದನ್ನ ನೋಡಿದರೆ ಒಳ್ಳೇದಾಗಲ್ಲ ಅಂತ ಹಿಂದೆ ಕಲ್ಲು ಹೊಡೀತಿದ್ದರಂತೆ, ತಾವೂ ಹೊಡೆದಿದ್ದು ಹೇಳಿದರು. ಬೇಲಿಯಲ್ಲಿ ಇನ್ನೂ ಏನೇನು ಇತ್ತು ಅಂತ ಒಂದೊಂದೇ ಗಿಡದ ಹೆಸರು ಹೇಳುತ್ತಾ ಹೋದರು. ಮಗಳು ನೋಟ್‌ಬುಕ್ಕಿನಲ್ಲಿ ಬರ್ಕೊಂಡಳು, 27 ಆಯ್ತು. ಚಿತ್ತಾರದಮನೆ ಅಕ್ಕ, ನಿಮ್ಮ ಅಮ್ಮನ ನೆನಪಾಯ್ತು.

ಎಲ್ಲಾ ಸಿಹಿನೇ ಅಲ್ಲ. ನಾಲ್ಕನೇ ದಿನಕ್ಕೆ ಚಿಪ್ಪುಹಂದಿ ಮೇಲೆ ನಾಟಕದ ಪೋಸ್ಟರ್ ಅಂಟಿಸಿದ್ದರು. ನೀರು ಹಾಕಿ ನೆನೆಸಿ ಕಿತ್ತೆವು, ಮೂತಿ ಸ್ವಲ್ಪ ಹೋಯಿತು. ಊರಾಚೆ ರಸ್ತೆ ಅಗಲ ಮಾಡೋಕೆ ಜೆಸಿಬಿ ಬಂತು. ಎಡಗಡೆ ಬೇಲಿ ಅರ್ಧ ದಿನದಲ್ಲಿ ಹೋಯಿತು, ಈಗ ಅಲ್ಲಿ ಕಲ್ಲುಕಂಬ, ಮುಳ್ಳುತಂತಿ. ಬಲಗಡೆ ಹೊಲದ ಯಜಮಾನರು, ಮೊಮ್ಮಗ ನಮ್ಮ ಶಾಲೆಯಲ್ಲೇ ಇದ್ದಾನೆ, ‘ಇದು ಇರಲಿ ಬಿಡಿ’ ಅಂದರು. ಅದು ಗೋಡೆ ನೋಡಿ ಅಂದಿದ್ದೋ, ತಂತಿಯ ಖರ್ಚು ನೋಡಿ ಅಂದಿದ್ದೋ ನನಗೆ ಗೊತ್ತಿಲ್ಲ. ಕೇಳೋಕೂ ಹೋಗಲಿಲ್ಲ.


ರಾತ್ರಿಗಸ್ತು · ಭಾನುವಾರ, ರಾತ್ರಿ 9.50

ಬಾಲ! ನಾನು ಹೇಳಬೇಕಿತ್ತು. ಎಡಗಡೆಯದು ಹೋಗಿದ್ದು ಸಂಕಟ ಆಯ್ತು. ಬಲಗಡೆ ಬೇಲಿ ಮತ್ತು ತೋಪಿನ ನಡುವೆ ರಸ್ತೆ ಅಡ್ಡ ಇದೆಯಾ? ಇದ್ದರೆ ಮೇಲೆ ಒಂದು ದಪ್ಪ ಹಗ್ಗ ಅಥವಾ ಬಿದಿರಿನ ಸೇತುವೆ ಕಟ್ಟೋಕೆ ಆಗುತ್ತಾ ನೋಡಿ. ಕರೆಂಟ್ ತಂತಿಯಿಂದ ದೂರ ಇರಬೇಕು. ಅರಣ್ಯ ಇಲಾಖೆಯವರನ್ನ ಕೇಳಿಯೇ ಮಾಡಿ.


ಹುಣಸೆತೋಪು · ಸೋಮವಾರ, ಬೆಳಿಗ್ಗೆ 7.10

ಕೇಳ್ತೀನಿ ಸಾರ್.

ಇನ್ನೊಂದು ಹೊಸ ತಲೆನೋವು. ಶಾಲೆ ಗೋಡೆ ನೋಡಿ ಹಾಲಿನ ಡೈರಿಯವರು ಅವರ ಗೋಡೆಯನ್ನೂ ಬರೆದುಕೊಡಿ ಅಂತಿದ್ದಾರೆ. 20 ಅಡಿ. ಬಣ್ಣ ಅವರದ್ದೇ. ಆದರೆ ಹಸು ಬೇಕಂತೆ. ಹಸು ಅಳಿವಿನ ಅಂಚಿನಲ್ಲಿ ಇಲ್ಲವಲ್ಲ ಸ್ವಾಮಿ ಅಂದೆ. ‘ನಿಮ್ಮ ಕಾಡುಪಾಪ ಹಾಲು ಕೊಡುತ್ತಾ?’ ಅಂದರು.


ದನದಡಾಕ್ಟ್ರುಕಾಂಪೌಂಡರ್ · ಸೋಮವಾರ, ಬೆಳಿಗ್ಗೆ 9.25

ಅಣ್ಣ, ಈ ಅವಕಾಶ ಬಿಡಬೇಡಿ. ಡೈರಿ ಗೋಡೆಗೆ ಹಸು ಜೊತೆ ರಣಹದ್ದು ಬರೆಸಿ.

ನಗಬೇಡಿ, ಸಂಬಂಧ ಇದೆ. ಮೊದಲು ನಮ್ಮ ಕಡೆ ದನ ಸತ್ತರೆ ಆಕಾಶ ಕಪ್ಪಾಗೋ ಹಾಗೆ ಹದ್ದು ಇಳೀತಿದ್ದವು. 90ರ ದಶಕದಿಂದ ಈಚೆಗೆ ದೇಶದಲ್ಲಿ ಬಿಳಿಬೆನ್ನಿನ ರಣಹದ್ದು ನೂರಕ್ಕೆ 99 ಭಾಗ ಹೋಯಿತು. ಕಾರಣ ಬೇಟೆ ಅಲ್ಲ. ದನಕ್ಕೆ ನೋವಿಗೆ ಕೊಡ್ತಿದ್ದ ಡೈಕ್ಲೋಫೆನಾಕ್ ಚುಚ್ಚುಮದ್ದು. ಅದು ಸತ್ತ ದನದ ಮಾಂಸದಲ್ಲಿ ಉಳಿದು, ತಿಂದ ಹದ್ದಿನ ಮೂತ್ರಪಿಂಡ ಕೆಡಿಸುತ್ತೆ. 2006ರಲ್ಲಿ ದನಕ್ಕೆ ಕೊಡೋದು ನಿಷೇಧ ಆಯ್ತು. ಆದರೆ ಮನುಷ್ಯರಿಗೆ ಅಂತ ಬರೋ ದೊಡ್ಡ ಬಾಟ್ಲಿ ತಂದು ದನಕ್ಕೆ ಚುಚ್ಚೋರು, 2015ರಲ್ಲಿ ಅದಕ್ಕೂ ಕಡಿವಾಣ ಬಿತ್ತು. 2023ರಲ್ಲಿ ಕೀಟೊಪ್ರೊಫೆನ್, ಅಸೆಕ್ಲೋಫೆನಾಕ್ ಕೂಡ ದನಕ್ಕೆ ನಿಷೇಧ. ಮೆಲಾಕ್ಸಿಕಾಮ್ ಕೊಡಬಹುದು, ಹದ್ದಿಗೆ ತೊಂದರೆ ಇಲ್ಲ.

ನಿಮ್ಮ ಪಕ್ಕದ ರಾಮನಗರದ ರಾಮದೇವರ ಬೆಟ್ಟದಲ್ಲಿ ಬೆರಳೆಣಿಕೆಯ ಹದ್ದು ಉಳಿದಿವೆ. 2012ರಲ್ಲಿ ಅದನ್ನ ರಣಹದ್ದು ಧಾಮ ಮಾಡಿದ್ದಾರೆ. ಆದರೆ ಹದ್ದು ಬೆಟ್ಟದಲ್ಲಿ ಊಟ ಮಾಡೋಲ್ಲವಲ್ಲ, ದನ ಎಲ್ಲಿ ಸತ್ತಿದೆಯೋ ಅಲ್ಲಿಗೆ ಬರುತ್ತೆ. ದಿನಾ ಬೆಳಿಗ್ಗೆ ಸಂಜೆ ದನ ಸಾಕೋರೆಲ್ಲ ಕ್ಯಾನ್ ಹಿಡಿದು ನಿಲ್ಲೋ ಜಾಗ ಡೈರಿ. ಇದಕ್ಕಿಂತ ಒಳ್ಳೇ ಗೋಡೆ ಎಲ್ಲಿ ಸಿಗುತ್ತೆ?


ಕುಡ್ಲದವ · ಸೋಮವಾರ, ಬೆಳಿಗ್ಗೆ 9.40

ಇದು ಪಾಯಿಂಟ್. ಬರೆಸಿ ಮಾರಾಯ್ರೇ. ಬಣ್ಣಕ್ಕೆ ನನ್ನದೂ 500 ಇರಲಿ.


ಹುಣಸೆತೋಪು · ಮಂಗಳವಾರ, ರಾತ್ರಿ 8.35

ಡೈರಿ ಅಧ್ಯಕ್ಷರ ಹತ್ತಿರ ಮಾತಾಡಿ ಬಂದೆ. ಹದ್ದು ಅಂದ ತಕ್ಷಣ ‘ಥೂ, ಬೆಳಿಗ್ಗೆ ಬೆಳಿಗ್ಗೆ ಅದರ ಮುಖ ನೋಡ್ಕೊಂಡು ಹಾಲು ಹಾಕಬೇಕಾ’ ಅಂದರು. ಗೌಡ್ರ ಅಸ್ಸಾಮಿನ ಕತೆ ಹೇಳಿದೆ, ಅರ್ಧ ಕೇಳಿದರು. ಕೊನೆಗೆ ಚೌಕಾಸಿ ಆಗಿ ಇಷ್ಟಕ್ಕೆ ನಿಂತಿದೆ. ಹಸು, ಕರು ದೊಡ್ಡದಾಗಿ ಎಡಕ್ಕೆ. ಹದ್ದು ಬಲಗಡೆ ಮೂಲೆಯಲ್ಲಿ, ಹಾರುವ ಹಾಗೆ, ಮುಖ ಆಚೆ ಕಡೆಗೆ. ಕೆಳಗೆ ಯಾವ ಇಂಜೆಕ್ಷನ್ ಬೇಡ, ಯಾವುದು ಆಗಬಹುದು ಅನ್ನೋದು ದಪ್ಪ ಅಕ್ಷರದಲ್ಲಿ. ಅದಕ್ಕೆ ಅವರು ಖುಷಿಯಾಗೇ ಒಪ್ಪಿದರು, ಯಾಕಂದ್ರೆ ದಿನಾ ಯಾರಾದರೂ ಬಂದು ಅದನ್ನೇ ಕೇಳ್ತಾರಂತೆ.

ನಿಜವಾದ ಅಳತೆಗೇ ಬರೀಬೇಕು ಅಂತ ಹುಡುಗ ಹಟ ಹಿಡಿದಿದ್ದಾನೆ. ರೆಕ್ಕೆ ಬಿಚ್ಚಿದರೆ ಬಿಳಿಬೆನ್ನಿನ ರಣಹದ್ದು ಏಳಡಿ ದಾಟಬಹುದು ಅಂತ ಓದಿದೆ. 20 ಅಡಿ ಗೋಡೆಯಲ್ಲಿ ‘ಮೂಲೆ’ ಅಂದಿದ್ದು ಎಷ್ಟು ದೊಡ್ಡದು ಅಂತ ಅಧ್ಯಕ್ಷರಿಗೆ ಇನ್ನೂ ಹೇಳಿಲ್ಲ.

ಕಾಂಪೌಂಡರ್ ಸಾರ್, ಹಾರುವಾಗ ಹಿಂದಿನಿಂದ ನೋಡಿದರೆ ಬೆನ್ನಿನ ಬಿಳಿ ಪಟ್ಟೆ ಎಲ್ಲಿಂದ ಎಲ್ಲಿಗೆ ಬರುತ್ತೆ? ಯಾರ ಹತ್ತಿರವಾದರೂ ಒಳ್ಳೇ ಫೋಟೊ ಇದ್ದರೆ ಹಾಕಿ. ಈ ಸಲ ಬಾಲ ತಪ್ಪಬಾರದು.